ಯಂತ್ರ ಹೊತ್ತು ಬಂದವರು ಹಾಡುಗಾರರಿಗೆ ಒಳ್ಳೆಯದು ಮಾಡಿದರಾ?

1933ರ ಬೇಸಿಗೆಯಲ್ಲಿ ಟೆಕ್ಸಸ್‌ನ ಜಾನ್ ಲೋಮ್ಯಾಕ್ಸ್ ಒಂದು ಫೋರ್ಡ್ ಕಾರಿನಲ್ಲಿ ಅಮೆರಿಕದ ದಕ್ಷಿಣದ ಜೈಲುಗಳನ್ನು ಸುತ್ತಲು ಹೊರಟರು. ಅವರಿಗೆ 65 ವರ್ಷ. ಜೊತೆಗೆ 18 ವರ್ಷದ ಮಗ ಅಲನ್. ಕಾರಿನಲ್ಲಿ 315 ಪೌಂಡ್, ಅಂದರೆ ಹತ್ತಿರ ಹತ್ತಿರ ಒಂದೂವರೆ ಕ್ವಿಂಟಲ್ ತೂಕದ ರೆಕಾರ್ಡಿಂಗ್ ಯಂತ್ರ. ಯಂತ್ರ ಕೊಡಿಸಿದ್ದು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್. ಅಲ್ಲಿ 1928ರಲ್ಲೇ ಜನಪದ ಹಾಡುಗಳಿಗೆ ಅಂತ ಒಂದು ಆರ್ಕೈವ್ ಶುರುವಾಗಿತ್ತು. ಕೈದಿಗಳು ಹಾಡಿದ್ದನ್ನು ಅಪ್ಪ ಮಗ ಡಿಸ್ಕಿನ ಮೇಲೆ ಕೊರೆದು ತಂದು ಅಲ್ಲಿಗೆ ಒಪ್ಪಿಸಿದರು.

ನಾವು ಇವತ್ತು ರೂಟ್ಸ್ ಮ್ಯೂಸಿಕ್ ಅಂತ ಕೇಳುವ ಬ್ಲೂಸ್, ಕೆಲಸದ ಹಾಡು, ಚರ್ಚಿನ ಹಾಡುಗಳಲ್ಲಿ ಎಷ್ಟೋ ನಮ್ಮ ಕಿವಿಗೆ ತಲುಪಿದ್ದು ಹೀಗೆ ಯಂತ್ರ ಹೊತ್ತು ಅಲೆದವರಿಂದ. ಅದರಿಂದ ಹಾಡಿದವರಿಗೆ ಒಳ್ಳೆಯದಾಯಿತಾ? ಈ ಪ್ರಶ್ನೆಗೆ ನನ್ನೊಳಗೆ ಇಬ್ಬರು ಕೂತು ಜಗಳ ಆಡುತ್ತಾರೆ. ಇಬ್ಬರೂ ಸೋಲುವ ಪೈಕಿ ಅಲ್ಲ. ಹಾಗಾಗಿ ಒಬ್ಬನಿಗೆ ಮಾತಾಡಲು ಬಿಟ್ಟಾಗ ಇನ್ನೊಬ್ಬನ ಬಾಯಿ ಮುಚ್ಚಿಸಿದ್ದೇನೆ.

ಪರ

ಜೇಮ್ಸ್ ಕಾರ್ಟರ್ ಕಥೆಯಿಂದ ಶುರು ಮಾಡುತ್ತೇನೆ. 1959, ಮಿಸಿಸಿಪಿಯ ಪಾರ್ಚ್‌ಮನ್ ಜೈಲು. ಕೈದಿಗಳು ಮರ ಕಡಿಯುತ್ತಾ ಹಾಡುತ್ತಿದ್ದಾರೆ. ಮುಂದಾಳಾಗಿ ಹಾಡುವವರು ಕಾರ್ಟರ್. ಉಳಿದವರು ಸೊಲ್ಲು ಎತ್ತುತ್ತಾರೆ, ಕೊಡಲಿಗಳು ತಾಳ ಹಾಕುತ್ತವೆ. ಆ ಹೊತ್ತಿಗೆ ಅಲನ್ ಲೋಮ್ಯಾಕ್ಸ್‌ಗೂ ನಲವತ್ತು ದಾಟಿತ್ತು. ಅವರು ಅದನ್ನು ಟೇಪಿಗೆ ಹಿಡಿದರು. ಕಾರ್ಟರ್ ಮುಂದೆ ಜೈಲಿನಿಂದ ಹೊರಬಂದರು, ಶಿಕಾಗೋದಲ್ಲಿ ನೆಲೆನಿಂತರು, ಹಾಡನ್ನು ಮರೆತೇಬಿಟ್ಟರು.

2000ದಲ್ಲಿ ಕೋಯೆನ್ ಸಹೋದರರ ಒಂದು ಸಿನಿಮಾ ಶುರುವಾಗುವುದೇ ಆ ಟೇಪಿನ ಹಾಡಿನಿಂದ. ಸಿನಿಮಾದ ಹಾಡುಗಳ ಆಲ್ಬಂ ಲಕ್ಷಗಟ್ಟಲೆ ಮಾರಾಟವಾಗಿ, 2002ರಲ್ಲಿ ವರ್ಷದ ಆಲ್ಬಂ ಅಂತ ಗ್ರ್ಯಾಮಿ ಪಡೆಯಿತು. ಲೋಮ್ಯಾಕ್ಸ್ ಆರ್ಕೈವ್‌ನವರು ಹುಡುಕಿಕೊಂಡು ಹೋಗಿ ಕಾರ್ಟರ್ ಕೈಗೆ 20,000 ಡಾಲರ್ ಚೆಕ್ ಕೊಟ್ಟರು. ಅವರಿಗೆ ತಾನು ಅದನ್ನು ಹಾಡಿದ್ದೇ ನೆನಪಿರಲಿಲ್ಲ. ನಿಮ್ಮ ಆಲ್ಬಂ ಮೈಕಲ್ ಜಾಕ್ಸನ್ ಆಲ್ಬಮ್ಮನ್ನೂ ಹಿಂದೆ ಹಾಕಿದೆ ಅಂದಾಗ, ಪಾಪ ಮೈಕಲ್ ನನ್ನನ್ನು ಹಿಡಿಯಲಿ, ಸ್ವಲ್ಪ ನಿಧಾನ ಮಾಡ್ತೀನಿ ಅಂತ ತಮಾಷೆ ಮಾಡಿದರಂತೆ.

ಹಾಡಿದವರೇ ಮರೆತ ಹಾಡು ಅದು. ಟೇಪು ಇಲ್ಲದಿದ್ದರೆ ಯಾರ ತಲೆಯಲ್ಲಿ ಉಳಿಯುತ್ತಿತ್ತು?

ಕೆಲಸದ ಹಾಡಿನ ವಿಷಯದಲ್ಲಿ ಈ ಮಾತು ಇನ್ನೂ ನಿಜ. ಅದು ಯಾರನ್ನೂ ರಂಜಿಸಲು ಹುಟ್ಟಿದ್ದಲ್ಲ. ಹತ್ತು ಜನ ಒತ್ತಾಗಿ ನಿಂತು ಕೊಡಲಿ ಬೀಸುವಾಗ ಏಟುಗಳು ಒಟ್ಟಿಗೆ ಬೀಳದಿದ್ದರೆ ಪಕ್ಕದವನ ಕಾಲು ಹೋಗುತ್ತೆ. ಹಾಡು ಆ ಲೆಕ್ಕ ಇಡುತ್ತಿತ್ತು. ಇನ್ನೊಂದು ಉಪಾಯವೂ ಅದರಲ್ಲಿತ್ತು. ಎಲ್ಲರೂ ಹಾಡಿನ ವೇಗಕ್ಕೇ ಕೆಲಸ ಮಾಡಿದರೆ ಬಲ ಇಲ್ಲದವನು, ಕಾಯಿಲೆಯವನು ಕಾವಲುಗಾರನ ಕಣ್ಣಿಗೆ ಬೀಳುತ್ತಿರಲಿಲ್ಲ. ಆಮೇಲೆ ಯಂತ್ರದ ಗರಗಸ ಬಂತು, ಜೈಲಿನ ಗುಂಪು ದುಡಿಮೆ ಕಮ್ಮಿಯಾಯಿತು. ಹೊಸದಾಗಿ ಬಂದ ಹುಡುಗರಿಗೆ ಆ ಹಾಡು ಬೇಡವಾಗಿತ್ತು. ಅದು ಗುಲಾಮಗಿರಿಯ ವಾಸನೆ ಹೊಡೆಯುತ್ತಿತ್ತು. ಅವರ ತಪ್ಪೇನೂ ಇಲ್ಲ ಬಿಡಿ. ಆದರೆ ಆ ದುಡಿಮೆಯ ಸದ್ದು ಹೇಗಿತ್ತು ಅಂತ ಇವತ್ತು ತಿಳಿಯಬೇಕಾದರೆ ನಮಗಿರುವುದು ಆ ಡಿಸ್ಕು, ಆ ಟೇಪುಗಳೇ.

ರೆಕಾರ್ಡ್ ಕಂಪನಿಗಳು ಇದ್ದುವಲ್ಲ, ಅವು ಉಳಿಸುತ್ತಿದ್ದವು ಅನ್ನುವವರಿದ್ದಾರೆ. ಪ್ಯಾರಾಮೌಂಟ್ ಅನ್ನುವ ರೆಕಾರ್ಡ್ ಕಂಪನಿಯ ಕಥೆ ಕೇಳಿ. ಚಾರ್ಲಿ ಪ್ಯಾಟನ್, ಸ್ಕಿಪ್ ಜೇಮ್ಸ್, ಸನ್ ಹೌಸ್, ಇಂಥ ಬ್ಲೂಸ್ ಹಾಡುಗಾರರನ್ನೆಲ್ಲಾ ರೆಕಾರ್ಡ್ ಮಾಡಿದ್ದು ಅದೇ. ಅದನ್ನು ನಡೆಸುತ್ತಿದ್ದವರು ವಿಸ್ಕಾನ್ಸಿನ್‌ನ ಒಂದು ಕುರ್ಚಿ ಕಂಪನಿಯವರು. ಹೌದು, ಕೂರುವ ಕುರ್ಚಿ! ಫೋನೋಗ್ರಾಫ್ ಇಡುವ ಮರದ ಪೆಟ್ಟಿಗೆ ಮಾಡುತ್ತಿದ್ದರು, ಅದರ ಜೊತೆಗೆ ರೆಕಾರ್ಡೂ ಇರಲಿ ಅಂತ ಶುರು ಮಾಡಿದರು. ಆರ್ಥಿಕ ಕುಸಿತ ಬಂತು. ಅಮೆರಿಕದಲ್ಲಿ 1927ರಲ್ಲಿ ಸುಮಾರು 10 ಕೋಟಿ ಇದ್ದ ರೆಕಾರ್ಡ್ ಮಾರಾಟ 1932ಕ್ಕೆ 60 ಲಕ್ಷದ ಆಸುಪಾಸಿಗೆ ಇಳಿಯಿತು. ಕುರ್ಚಿಯವರು ಅಂಗಡಿ ಮುಚ್ಚಿದರು. ಮೂಲ ಲೋಹದ ಅಚ್ಚುಗಳು ಗುಜರಿಗೆ ಹೋದವು. ಸ್ಕಿಪ್ ಜೇಮ್ಸ್ 1931ರಲ್ಲಿ ಹಾಡಿದ್ದು ಇವತ್ತು ಕೈಬೆರಳೆಣಿಕೆಯ ಸವೆದ ರೆಕಾರ್ಡುಗಳಿಂದ ಕೇಳಬೇಕು. ಅದೇ ಲೈಬ್ರರಿ ಆಫ್ ಕಾಂಗ್ರೆಸ್ ಗುಜರಿಗೆ ಹಾಕಲಿಲ್ಲ. 1987ರಲ್ಲಿ ಜನಪದ ಹಾಡಿನ ಫೋಕ್‌ವೇಸ್ ರೆಕಾರ್ಡ್ ಕಂಪನಿ ವಾಷಿಂಗ್ಟನ್ನಿನ ಮ್ಯೂಸಿಯಂ ಸಂಸ್ಥೆ ಸ್ಮಿತ್ಸೋನಿಯನ್ ಕೈಗೆ ಬಂದಾಗಲೂ ಇದ್ದ ಷರತ್ತು ಒಂದೇ ಥರದ್ದು: ಎರಡು ಸಾವಿರಕ್ಕೂ ಹೆಚ್ಚು ಆಲ್ಬಂಗಳಲ್ಲಿ ಒಂದೂ ಸಿಗದೇ ಹೋಗಬಾರದು. ವರ್ಷಕ್ಕೆ ಒಂದೇ ಪ್ರತಿ ಮಾರಾಟವಾದರೂ ಸರಿ. ಲಾಭಕ್ಕೆ ಕೂತವನು ಇಂಥ ಮಾತಿಗೆ ಒಪ್ಪುತ್ತಾನಾ?

ಹಾಡಿದವರಿಗೆ ಏನು ಸಿಕ್ಕಿತು? ಆಗಸ್ಟ್ 1941. ಮಿಸಿಸಿಪಿಯ ಕ್ಲಾರ್ಕ್ಸ್‌ಡೇಲ್ ಹತ್ತಿರ ಸ್ಟೋವಾಲ್ ಅನ್ನುವವರ ಹತ್ತಿ ತೋಟ. ಅಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದ ಮೆಕಿನ್ಲಿ ಮಾರ್ಗನ್‌ಫೀಲ್ಡ್ ಅನ್ನುವವರನ್ನು ಅಲನ್ ಹುಡುಕಿಕೊಂಡು ಬಂದರು. ಆ ಮನುಷ್ಯನಿಗೆ ಕಳ್ಳಭಟ್ಟಿ ಮಾರುವ ಅಭ್ಯಾಸವೂ ಇತ್ತು. ಇವನು ಯಾರೋ ಹಿಡಿಯಲು ಬಂದ ಸರ್ಕಾರದವನು ಅಂತಲೇ ಅವರು ಮೊದಲು ಅಂದುಕೊಂಡರು. ಆಮೇಲೆ ಗಿಟಾರ್ ನುಡಿಸಿದರು. ತಿಂಗಳುಗಳ ನಂತರ ಅಂಚೆಯಲ್ಲಿ 20 ಡಾಲರ್ ಮತ್ತು ಡಿಸ್ಕಿನ ಎರಡು ಪ್ರತಿ ಬಂದವು. ತನ್ನ ದನಿಯನ್ನು ತಾನೇ ಹೊರಗಿನಿಂದ ಕೇಳಿದ ಮೇಲೆ, ನನ್ನಿಂದ ಇದು ಆಗುತ್ತೆ ಅನ್ನಿಸಿತು ಅಂತ ಅವರೇ ಮುಂದೆ ಎಷ್ಟೋ ಸಲ ಹೇಳಿದ್ದಾರೆ. 1943ರಲ್ಲಿ ಟ್ರ್ಯಾಕ್ಟರ್ ಬಿಟ್ಟು ಶಿಕಾಗೋ ರೈಲು ಹತ್ತಿದರು. ಲೋಕಕ್ಕೆ ಅವರು ಮಡ್ಡಿ ವಾಟರ್ಸ್. ಅವರ ಒಂದು ಹಾಡಿನಿಂದಲೇ ಇಂಗ್ಲೆಂಡಿನ ರಾಕ್ ತಂಡ ರೋಲಿಂಗ್ ಸ್ಟೋನ್ಸ್‌ಗೆ ಆ ಹೆಸರು ಬಂತು.

ಇಲ್ಲಿ ಯಂತ್ರ ಹಾಡನ್ನು ಕಿತ್ತುಕೊಂಡು ಹೋಗಲಿಲ್ಲ. ಕನ್ನಡಿ ಹಿಡಿಯಿತು.

ಹೆಸರು, ಹಣ, ಹಕ್ಕು ಇದರಲ್ಲೆಲ್ಲಾ ಅನ್ಯಾಯ ಆಗಿದೆ. ಅಲ್ಲ ಅನ್ನಲ್ಲ. ಆದರೆ ಇದು ಇಂಥವರ ಹಾಡು ಅಂತ ಇವತ್ತು ನ್ಯಾಯ ಕೇಳಲು ಸಾಕ್ಷಿ ಯಾವುದು? ಅದೇ ಡಿಸ್ಕು. ಅದರ ಮೇಲೆ ಹೆಸರಿದೆ, ಊರಿದೆ, ತಾರೀಕಿದೆ. ಮಿಸಿಸಿಪಿಯ ಕೋಮೊ ಊರಲ್ಲಿ ಫ್ರೆಡ್ ಮೆಕ್‌ಡೊವೆಲ್ 1959ರಲ್ಲಿ ಹೊಲದಿಂದ ಬಂದು ರಾತ್ರಿ ನುಡಿಸಿದ್ದನ್ನು ಈಗ ಯಾರು ಬೇಕಾದರೂ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಕೇಳಬಹುದು. ಆ ಧ್ವನಿಮುದ್ರಣಗಳ ಪ್ರತಿ ಆ ಊರಿನ ಲೈಬ್ರರಿಗೂ ಮರಳಿದೆ.

ಇನ್ನೊಂದು ಮಾತು. ಸಂಗ್ರಹ ಅಂದರೆ ಬರೀ ಭಂಡಾರ ಅಲ್ಲ. 1945ರ ಕೊನೆಗೆ ಸೌತ್ ಕ್ಯಾರೊಲೈನಾದ ಚಾರ್ಲ್ಸ್‌ಟನ್‌ನಲ್ಲಿ ತಂಬಾಕು ಕಾರ್ಖಾನೆಯ ಹೆಂಗಸರು ಮುಷ್ಕರ ಕೂತರು. ಅವರಲ್ಲಿ ಲೂಸಿಲ್ ಸಿಮನ್ಸ್ ಅನ್ನುವವರು ಚರ್ಚಿನ ಒಂದು ಹಳೆಯ ಹಾಡನ್ನು ತುಂಬಾ ನಿಧಾನವಾಗಿ ಎಳೆದು ಹಾಡುತ್ತಿದ್ದರು. ಕಾರ್ಮಿಕ ಹೋರಾಟಗಾರರಿಗೆ ಪಾಠ ಹೇಳುತ್ತಿದ್ದ ಟೆನೆಸಿಯ ಹೈಲ್ಯಾಂಡರ್ ಶಾಲೆಯ ಜಿಲ್ಫಿಯಾ ಹಾರ್ಟನ್ ಆ ಮುಷ್ಕರದವರಿಂದ ಅದನ್ನು ಕಲಿತರು. ಅವರಿಂದ ಹಾಡುಗಾರ ಪೀಟ್ ಸೀಗರ್, ಆಮೇಲೆ ಇನ್ನೊಬ್ಬ ಹಾಡುಗಾರ ಗೈ ಕ್ಯಾರವನ್. 1960ರ ಏಪ್ರಿಲ್‌ನಲ್ಲಿ ರಾಲಿ ಊರಲ್ಲಿ ಕರಿಯ ವಿದ್ಯಾರ್ಥಿಗಳ ಸಂಘಟನೆ ಹುಟ್ಟಿದ ಸಭೆಯಲ್ಲಿ ಕ್ಯಾರವನ್ ಅದನ್ನು ಹಾಡಿಸಿದರು. ಅದೇ 'ವಿ ಶಲ್ ಓವರ್‌ಕಮ್'. ಹಕ್ಕುಪತ್ರದಲ್ಲಿ, ಅಂದರೆ ಕಾಪಿರೈಟ್‌ನಲ್ಲಿ, ನಾಲ್ವರ ಹೆಸರು ಹಾಕಿದರೂ ಬಂದ ಹಣವನ್ನು ಅವರು ಜೇಬಿಗೆ ಹಾಕಿಕೊಳ್ಳಲಿಲ್ಲ, ಒಂದು ನಿಧಿಗೆ ಬಿಟ್ಟರು. ಕನ್ನಡದ ಶಾಲೆಗಳಲ್ಲಿ, ಮೆರವಣಿಗೆಗಳಲ್ಲಿ ಕೈ ಕೈ ಹಿಡಿದು 'ಗೆದ್ದೇ ಗೆಲ್ಲುವೆವು' ಅಂತ ಹಾಡಿದವರೆಲ್ಲಾ ಆ ತಂಬಾಕು ಕಾರ್ಖಾನೆಯ ಹೆಂಗಸರ ರಾಗವನ್ನೇ ಹಾಡಿದ್ದಾರೆ. ನಾನೂ ಹಾಡಿದ್ದೇನೆ, ಚಾರ್ಲ್ಸ್‌ಟನ್ ಅನ್ನುವ ಊರು ಇದೆ ಅಂತ ಗೊತ್ತಿಲ್ಲದೆ. ಕಲಿತವರು ಕಲಿಸದೇ ಸುಮ್ನೆ ಇದ್ದಿದ್ದರೆ ಆ ರಾಗ ಚಾರ್ಲ್ಸ್‌ಟನ್ ಬಿಟ್ಟು ಹೊರಗೆ ಬರುತ್ತಿರಲಿಲ್ಲ.

ವಿರೋಧ

ಮೊದಲು ಜೇಮ್ಸ್ ಕಾರ್ಟರ್ ಹಾಡಿನ ಲೇಬಲ್ ಓದಿ. 'ಜೇಮ್ಸ್ ಕಾರ್ಟರ್ ಮತ್ತು ಕೈದಿಗಳು' ಅಂತ ಇದೆ. ಕೊಡಲಿ ಹಿಡಿದ ಉಳಿದವರಿಗೆ ಹೆಸರಿಲ್ಲ, 'ಕೈದಿಗಳು' ಅಷ್ಟೇ. ಚೆಕ್ ಬಂದಿದ್ದು 40 ವರ್ಷ ಕಳೆದ ಮೇಲೆ. ಅದೂ ಒಂದು ಸಿನಿಮಾ ಓಡಿದ್ದಕ್ಕೆ. ಸಿನಿಮಾಕ್ಕೆ ಹೋಗದ ಸಾವಿರಾರು ಡಿಸ್ಕುಗಳ ಹಾಡುಗಾರರಿಗೆ ಯಾರೂ ಬಾಗಿಲು ತಟ್ಟಲಿಲ್ಲ.

ಈಗ 1933ಕ್ಕೆ ಹೋಗೋಣ. ನ್ಯಾಶ್‌ವಿಲ್ ಜೈಲಿನಲ್ಲಿ ಕಲ್ಲು ಒಡೆಯುತ್ತಿದ್ದ ಒಬ್ಬ ಕೈದಿ. ಬ್ಲ್ಯಾಕ್ ಸ್ಯಾಮ್ಸನ್ ಅಂತ ಕರೆಯುತ್ತಿದ್ದರು. ಲೋಮ್ಯಾಕ್ಸರಿಗೆ ಬೇಕಾದ ಹಾಡು ಅವನಿಗೆ ಬರುತ್ತಿತ್ತು. ಆದರೆ ಹಾಡಲ್ಲ ಅಂದ. ದೇವರ ದಾರಿ ಹಿಡಿದಿದ್ದ, ಲೌಕಿಕದ ಹಾಡು ಹಾಡಿದರೆ ಪಾಪ ಅಂತ ನಂಬಿದ್ದ. ಆಮೇಲೆ ವಾರ್ಡನ್ ಹೇಳಿಸಿದರು. ಕೈದಿ ವಾರ್ಡನ್‌ಗೆ ಇಲ್ಲ ಅನ್ನಲು ಆಗುತ್ತಾ? ಮೈಕಿನ ಮುಂದೆ ಬಂದು, ವಾರ್ಡನ್ ಕೇಳಿದ್ದಾರೆ, ಬೇರೆ ದಾರಿ ಇಲ್ಲ ಅಂತ ದೇವರಿಗೆ ಒಪ್ಪಿಸಿ ಆಮೇಲೆ ಹಾಡಿದ. ಆ ಗೋಳೂ ಅಲ್ಯೂಮಿನಿಯಂ ಡಿಸ್ಕಿನಲ್ಲಿ ದಾಖಲಾಯಿತು. ಇದನ್ನು ನಾನು ಯಾವುದೋ ಆರೋಪಪಟ್ಟಿಯಿಂದ ಎತ್ತಿದ್ದಲ್ಲ. ಜಾನ್ ಲೋಮ್ಯಾಕ್ಸ್ ತಾವೇ ಬರೆದಿದ್ದಾರೆ, ಸ್ವಾರಸ್ಯದ ಪ್ರಸಂಗ ಅನ್ನುವ ಹಾಗೆ. ನನಗೆ ಕಸಿವಿಸಿ ಆಗುವುದು ಆ ಸ್ವಾರಸ್ಯವೇ.

ಜೈಲಿಗೇ ಯಾಕೆ ಹೋದರು? ಅದಕ್ಕೊಂದು ಸಿದ್ಧಾಂತ ಇತ್ತು. ವರ್ಷಗಟ್ಟಲೆ ಒಳಗಿದ್ದವರಿಗೆ ರೇಡಿಯೊ, ಜಾಝ್ ಸೋಂಕಿರುವುದಿಲ್ಲ, ಹಾಡು ಶುದ್ಧವಾಗಿ ಉಳಿದಿರುತ್ತೆ ಅಂತ. ಮನುಷ್ಯರನ್ನು ಕಂಬಿ ಹಿಂದೆ ಇಟ್ಟಿದ್ದು ಹಾಡಿಗೆ ಉಪ್ಪು ಹಾಕಿ ಇಟ್ಟ ಹಾಗೆ ಅನ್ನುವ ಲೆಕ್ಕ.

ಲೂಯಿಸಿಯಾನಾದ ಅಂಗೋಲಾ ಜೈಲಿನಲ್ಲಿ ಅವರಿಗೆ ಸಿಕ್ಕಿದ ಹಡ್ಡಿ ಲೆಡ್‌ಬೆಟರ್, ಅಂದರೆ ಲೆಡ್ ಬೆಲಿ, ಈ ಸಿದ್ಧಾಂತಕ್ಕೆ ಹೊಂದುವ ಆಳೇ ಅಲ್ಲ. ವಯಸ್ಸು ನಲವತ್ತೈದರ ಹತ್ತಿರ. ಹನ್ನೆರಡು ತಂತಿಯ ಗಿಟಾರ್. ಹಿಂದೆ ಡಲ್ಲಾಸ್ ಬೀದಿಗಳಲ್ಲಿ ಬ್ಲೂಸ್ ಹಾಡುಗಾರ ಬ್ಲೈಂಡ್ ಲೆಮನ್ ಜೆಫರ್ಸನ್ ಜೊತೆ ನುಡಿಸಿ ಹೊಟ್ಟೆ ಹೊರೆದವರು. ಬ್ಲೂಸ್ ಇರಲಿ, ಕುಣಿತದ ಹಾಡಿರಲಿ, ಸಿನಿಮಾ ಕೌಬಾಯ್ ಜೀನ್ ಆಟ್ರಿ ಹಾಡಿರಲಿ, ಎಲ್ಲಾ ಬರುತ್ತಿತ್ತು, ಎಲ್ಲಾ ಇಷ್ಟವಾಗಿತ್ತು. ಜನ ಕೇಳಿದ್ದನ್ನು ಹಾಡುವ ಪಕ್ಕಾ ಕಲಾವಿದ ಅಂತ ಬೇರೆ ಯಾರಿಗಾದರೂ ಅನ್ನಿಸುತ್ತಿತ್ತು. ಲೋಮ್ಯಾಕ್ಸರಿಗೆ ಬೇಕಿದ್ದದ್ದು ಬರೀ 'ಹಳೆಯ ನೀಗ್ರೋ ಹಾಡು'. ಉಳಿದದ್ದೆಲ್ಲಾ ಕಲಬೆರಕೆ.

1934ರ ಆಗಸ್ಟ್‌ನಲ್ಲಿ ಲೆಡ್ ಬೆಲಿ ಬಿಡುಗಡೆಯಾದರು. ಗವರ್ನರ್‌ಗೆ ಹಾಡು ಕಳಿಸಿ ಬಿಡುಗಡೆ ಪಡೆದರು ಅನ್ನುವ ಕಥೆ ಇವತ್ತಿಗೂ ಓಡಾಡುತ್ತೆ. ಟೆಕ್ಸಸ್‌ನಲ್ಲಿ 1925ರಲ್ಲಿ ಗವರ್ನರ್ ಪ್ಯಾಟ್ ನೆಫ್ ಎದುರು ಹಾಡಿ ಕ್ಷಮೆ ಪಡೆದದ್ದು ನಿಜ. ಆದರೆ ಲೂಯಿಸಿಯಾನಾದಲ್ಲಿ ಬಿಟ್ಟಿದ್ದು ಒಳ್ಳೆಯ ನಡತೆಗೆ ಎಲ್ಲರಿಗೂ ಸಿಗುವ ಶಿಕ್ಷೆ ಕಡಿತದ ಲೆಕ್ಕದಲ್ಲಿ. ಕಥೆ ಚೆನ್ನಾಗಿತ್ತಲ್ಲ, ಪತ್ರಿಕೆಗಳು ಬಿಡಲಿಲ್ಲ. ಲೆಡ್ ಬೆಲಿ ಲೋಮ್ಯಾಕ್ಸರ ಕಾರು ಓಡಿಸಿದರು, ಬೇರೆ ಜೈಲುಗಳಲ್ಲಿ ಕೈದಿಗಳಿಗೆ ಹೇಗೆ ಹಾಡಬೇಕು ಅಂತ ತೋರಿಸಿಕೊಟ್ಟರು. ಸಭೆಗಳಲ್ಲಿ ಕೂಲಿಯವನ ಅಂಗಿ, ಕೈದಿಯ ಬಟ್ಟೆ ಹಾಕಿಸಿ ಅವರನ್ನು ಕೂರಿಸಿದ್ದುಂಟು. 1935ರಲ್ಲಿ ಥಿಯೇಟರುಗಳಿಗೆ ಹೋದ ವಾರ್ತಾಚಿತ್ರದಲ್ಲಿ ಜೈಲಿನ ದೃಶ್ಯವನ್ನೇ ಮತ್ತೆ ಅಭಿನಯಿಸಿದರು. ಅವರಿಗೆ ಇಷ್ಟವಿದ್ದದ್ದು ಸೂಟು, ಬೋ ಟೈ. ಆಮೇಲಿನ ಫೋಟೊಗಳಲ್ಲಿ ನೋಡಿ, ಎಷ್ಟು ಠೀವಿ! ಲೈಫ್ ಪತ್ರಿಕೆ 1937ರಲ್ಲಿ ಅವರ ಬಗ್ಗೆ ಹಾಕಿದ ತಲೆಬರಹವನ್ನು ಇಲ್ಲಿ ಬರೆಯಲು ನನಗೆ ಮನಸ್ಸಿಲ್ಲ.

ಹಣದ ಲೆಕ್ಕ ಇನ್ನೂ ಕಹಿ. ಒಪ್ಪಂದದ ಪ್ರಕಾರ ಗಳಿಕೆಯಲ್ಲಿ ಮೊದಲು ಅರ್ಧ ಜಾನ್ ಲೋಮ್ಯಾಕ್ಸ್‌ಗೆ. ಆಮೇಲೆ ಮಗನನ್ನೂ ಸೇರಿಸಿಕೊಂಡು ಮೂರರಲ್ಲಿ ಎರಡು ಪಾಲು ಅಪ್ಪ ಮಗನಿಗೆ, ಒಂದು ಪಾಲು ಹಾಡಿದವರಿಗೆ. ಮಾರ್ಚ್ 1935ಕ್ಕೆ ಸಂಬಂಧ ಮುರಿದುಬಿತ್ತು. ಲೆಡ್ ಬೆಲಿ 1949ರ ಡಿಸೆಂಬರ್‌ನಲ್ಲಿ ತೀರಿಕೊಂಡರು, ಕೈಯಲ್ಲಿ ಹೇಳಿಕೊಳ್ಳುವಂಥ ಕಾಸಿಲ್ಲದೆ. ಲೆಡ್ ಬೆಲಿ ಹಾಡುತ್ತಿದ್ದ 'ಗುಡ್‌ನೈಟ್ ಐರೀನ್' ಅನ್ನು ಮರುವರ್ಷವೇ ವೀವರ್ಸ್ ತಂಡ ಹಾಡಿತು, ಅದು 13 ವಾರ ಅಮೆರಿಕದ ನಂಬರ್ ಒನ್ ಹಾಡಾಗಿತ್ತು. ಕರ್ತೃಗಳ ಸಾಲಿನಲ್ಲಿ ಲೆಡ್‌ಬೆಟರ್ ಪಕ್ಕದಲ್ಲಿ ಜಾನ್ ಲೋಮ್ಯಾಕ್ಸ್ ಹೆಸರು.

ತಮಾಷೆ ಅಂದರೆ ಆ ಹಾಡಿನ ಮೂಲ 1886ರಲ್ಲಿ ಗಸ್ಸಿ ಡೇವಿಸ್ ಅನ್ನುವ ಕರಿಯ ಕವಿ ಅಚ್ಚು ಹಾಕಿಸಿದ ಒಂದು ಹಾಡು. ಲೆಡ್ ಬೆಲಿ ಅದನ್ನು ತಮ್ಮ ಚಿಕ್ಕಪ್ಪಂದಿರಿಂದ ಕಲಿತು ತಮ್ಮದೇ ರೀತಿಯಲ್ಲಿ ತಿದ್ದಿದ್ದರು. ಅಂದರೆ ಬರೆದವರು ಒಬ್ಬರಿದ್ದರು, ಬದಲಿಸಿದವರು ಒಬ್ಬರಿದ್ದರು. 'ಜನಪದ' ಅನ್ನುವ ಪದದ ಅಡಿಯಲ್ಲಿ ಇಂಥ ಹೆಸರುಗಳು ಕಾಣೆಯಾಗುತ್ತವೆ. ಕರ್ತೃ ಯಾರೂ ಇಲ್ಲ ಅಂತಾದರೆ ಹಕ್ಕುಪತ್ರಕ್ಕೆ ಮೊದಲು ಓಡಿದವನೇ ಕರ್ತೃ.

ಎಲಿಜಬೆತ್ ಕಾಟನ್‌ಗೂ ಇದೇ ಆಯಿತು. ನಾರ್ತ್ ಕ್ಯಾರೊಲೈನಾದ ಎಡಗೈ ಹುಡುಗಿ. ಗಿಟಾರನ್ನು ತಿರುಗುಮುರುಗಾಗಿ ಹಿಡಿದು, ಹೆಬ್ಬೆರಳಲ್ಲಿ ರಾಗ, ಉಳಿದ ಬೆರಳಲ್ಲಿ ಮಂದ್ರ ನುಡಿಸಲು ಕಲಿತಳು. ಹನ್ನೊಂದು ಹನ್ನೆರಡರ ವಯಸ್ಸಿಗೆ 'ಫ್ರೇಟ್ ಟ್ರೇನ್' ಕಟ್ಟಿದಳು. ಆಮೇಲೆ ಮದುವೆ, ಚರ್ಚು, ಮನೆಗೆಲಸ. ಗಿಟಾರ್ ಮೂಲೆ ಸೇರಿತು. ವಾಷಿಂಗ್ಟನ್ನಿನ ಒಂದು ದೊಡ್ಡ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ ದಾರಿ ತಪ್ಪಿದ ಪುಟ್ಟ ಮಗುವೊಂದನ್ನು ಅಮ್ಮನ ಹತ್ತಿರ ಸೇರಿಸಿದರು. ಆ ಅಮ್ಮ ರೂತ್ ಕ್ರಾಫರ್ಡ್ ಸೀಗರ್, ಲೋಮ್ಯಾಕ್ಸರ ಡಿಸ್ಕು ಕೇಳಿ ಕೇಳಿ ಸ್ವರಲಿಪಿ ಬರೆದುಕೊಟ್ಟವರು. ಮಗು ಪೆಗ್ಗಿ ಸೀಗರ್. ಕಾಟನ್ ಸೀಗರ್ ಮನೆಯ ಕೆಲಸಕ್ಕೆ ಸೇರಿದರು. ಜನಪದ ಹಾಡನ್ನೇ ಉಸಿರಾಡುವ ಮನೆ. ಆದರೆ ಅಡುಗೆ ಮಾಡುವ ಹೆಂಗಸಿಗೆ ಹಾಡು ಬರುತ್ತೆ ಅಂತ ಆ ಮನೆಯವರಿಗೆ ತಿಳಿದದ್ದು, ಗೋಡೆಗೆ ತೂಗುಹಾಕಿದ್ದ ಗಿಟಾರನ್ನು ಅವರೇ ಇಳಿಸಿ ನುಡಿಸಿದ ದಿನ! ಪೆಗ್ಗಿ ಇಂಗ್ಲೆಂಡಿಗೆ ಹೋಗಿ ಅಲ್ಲಿ 'ಫ್ರೇಟ್ ಟ್ರೇನ್' ಹಾಡಿದರು. 1957ರಲ್ಲಿ ಅದು ಅಲ್ಲಿ ಹಿಟ್ ಆಯಿತು, ಬರೆದವರ ಜಾಗದಲ್ಲಿ ಬೇರೆ ಇಬ್ಬರ ಹೆಸರು ಹೊತ್ತು. ಸೀಗರ್ ಮನೆಯವರು ಒದ್ದಾಡಿ ಆಮೇಲೆ ಅವರಿಗೆ ಹಕ್ಕು ಕೊಡಿಸಿದರು ಅನ್ನಿ. ಗ್ರ್ಯಾಮಿ ಬಂದಾಗ ವಯಸ್ಸು ತೊಂಬತ್ತು ದಾಟಿತ್ತು.

ಕಾಲವೇ ಹಾಗಿತ್ತು, ಬಿಳಿಯರು ಹೋಗದಿದ್ದರೆ ಯಾರು ಹೋಗುತ್ತಿದ್ದರು ಅನ್ನುತ್ತಾರೆ. ಈ ಮಾತಿಗೆ ನನ್ನ ಹತ್ತಿರ ಒಂದು ಹೆಸರಿದೆ. ಜಾನ್ ವರ್ಕ್.

ನ್ಯಾಶ್‌ವಿಲ್‌ನ ಫಿಸ್ಕ್ ವಿಶ್ವವಿದ್ಯಾಲಯದಲ್ಲಿ ಸಂಗೀತದ ಮೇಷ್ಟ್ರು, ಕರಿಯ ವಿದ್ವಾಂಸ. 1940ರ ಏಪ್ರಿಲ್‌ನಲ್ಲಿ ಮಿಸಿಸಿಪಿಯ ನ್ಯಾಚೆಜ್‌ನಲ್ಲಿ ಕುಣಿತದ ಹಾಲ್ ಒಂದಕ್ಕೆ ಬೆಂಕಿ ಬಿದ್ದು ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಆ ದುರಂತದ ಮೇಲೆ ಹೊಸ ಹಾಡುಗಳು ಹುಟ್ಟುತ್ತವೆ, ಹೋಗಿ ಕಲೆಹಾಕಬೇಕು ಅಂತ ಯೋಚಿಸಿದವರು ವರ್ಕ್. ಯೋಜನೆ ಬರೆದರು, ಹಣ ಕೇಳಿದರು. ಅದು ಬೆಳೆದು ಫಿಸ್ಕ್ ಮತ್ತು ಲೈಬ್ರರಿ ಆಫ್ ಕಾಂಗ್ರೆಸ್ ಸೇರಿ ನಡೆಸುವ ಅಧ್ಯಯನವಾಯಿತು, ಅಲನ್ ಲೋಮ್ಯಾಕ್ಸ್ ಒಳಗೆ ಬಂದರು. 1941ರಲ್ಲಿ ಮಡ್ಡಿ ವಾಟರ್ಸ್ ಗುಡಿಸಲಲ್ಲಿ ಲೋಮ್ಯಾಕ್ಸ್ ಜೊತೆ ವರ್ಕ್ ಕೂಡಾ ಇದ್ದರು. ಪರದವನು ಆ ಕಥೆ ಅಷ್ಟು ಉದ್ದ ಹೇಳಿದನಲ್ಲ, ವರ್ಕ್ ಹೆಸರು ಬಂತಾ? ಬರಲ್ಲ. ಯಾರು ಹೇಳಿದರೂ ಬರಲ್ಲ. ವರ್ಕ್ ಸ್ವರಲಿಪಿ ಹಾಕಿ ಬರೆದ ಹಸ್ತಪ್ರತಿ ಎಲ್ಲೋ ಬಿದ್ದಿತ್ತು. 1993ರಲ್ಲಿ ಅಲನ್ ಅದೇ ನೆಲದ ಬಗ್ಗೆ ದಪ್ಪ ಪುಸ್ತಕ ಬರೆದಾಗ ವರ್ಕ್‌ಗೆ ಅದರಲ್ಲಿ ಹೆಚ್ಚು ಕಮ್ಮಿ ಜಾಗವೇ ಇರಲಿಲ್ಲ. ವರ್ಕ್ ಮತ್ತು ಫಿಸ್ಕ್ ಸಂಗಡಿಗರು ಬರೆದದ್ದು ಪುಸ್ತಕವಾಗಿ ಹೊರಬಂದದ್ದು 2005ರಲ್ಲಿ. ಅಷ್ಟೊತ್ತಿಗೆ ವರ್ಕ್ ಸತ್ತು 38 ವರ್ಷ.

ಹಾಡುವವರ ನಡುವೆಯೇ ಹುಟ್ಟಿ, ವಾರ್ಡನ್‌ನ ಹಂಗಿಲ್ಲದೆ, ಅಂಗಳದಲ್ಲಿ ಕೂತು ಕೇಳಬಲ್ಲವರು ಇದ್ದರು. ದೊಡ್ಡ ಯಂತ್ರ, ಅದರ ಹಿಂದಿನ ದುಡ್ಡು ಅವರ ಕೈಗೆ ಸಿಗಲಿಲ್ಲ. ಲೆಸ್ಲಿ ರಿಡಲ್ ಕೇಳಿದ್ದೀರಾ? ಕಂಟ್ರಿ ಸಂಗೀತದ ಕಾರ್ಟರ್ ಕುಟುಂಬದ ಎ. ಪಿ. ಕಾರ್ಟರ್ ಹಾಡು ಹುಡುಕುತ್ತಾ ಬೆಟ್ಟಗಳಲ್ಲಿ ಅಲೆಯುವಾಗ ಜೊತೆಗಿದ್ದ ಕರಿಯ ಗಿಟಾರ್ ವಾದಕ. ಕಾರ್ಟರ್ ಪದ ಬರೆದುಕೊಳ್ಳುತ್ತಿದ್ದರು, ರಿಡಲ್ ರಾಗ ನೆನಪಿಟ್ಟುಕೊಳ್ಳುತ್ತಿದ್ದರು. ಅವರೇ ಟೇಪ್ ರೆಕಾರ್ಡರ್! ರೆಕಾರ್ಡಿನ ಮೇಲೆ ಮಾತ್ರ ಕಾರ್ಟರ್ ಹೆಸರು.

ಹಾಡು ಉಳಿಯಲು ಯಂತ್ರ ಒಂದೇ ದಾರಿ ಅಂತಲೂ ನಾನು ಒಪ್ಪಲ್ಲ. ಗಿಟಾರಿನಂಥ ತಂತಿವಾದ್ಯ ಬ್ಯಾಂಜೊ ಪಶ್ಚಿಮ ಆಫ್ರಿಕಾದ ವಾದ್ಯಗಳ ವಂಶದ್ದು. ಗುಲಾಮರ ಜೊತೆ ಬಂತು. ಆಮೇಲೆ ಅದು ಬಿಳಿ ಬೆಟ್ಟದವರ ವಾದ್ಯ ಅಂತ ಎಲ್ಲರೂ ನಂಬಿದರು. ಅದಕ್ಕೆ ರೆಕಾರ್ಡ್ ಕಂಪನಿಗಳ ಕೈವಾಡ ಬಹಳ ಇತ್ತು, ಕರಿಯರ ಹಾಡು ಬೇರೆ ಪಟ್ಟಿ, ಬಿಳಿಯರ ಹಾಡು ಬೇರೆ ಪಟ್ಟಿ ಅಂತ ಮಾಡಿ. ನಾರ್ತ್ ಕ್ಯಾರೊಲೈನಾದ ಮೆಬೇನ್ ಊರಲ್ಲಿ ಜೋ ಥಾಂಪ್ಸನ್ ಅನ್ನುವ ಕರಿಯ ಪಿಟೀಲು ವಾದಕರಿದ್ದರು. ಅಪ್ಪನಿಂದ ಕಲಿತವರು. ಜೊತೆಗೆ ಬ್ಯಾಂಜೊ ನುಡಿಸುತ್ತಿದ್ದ ಚಿಕ್ಕಪ್ಪನ ಮಗ ಓಡೆಲ್ 1994ರಲ್ಲಿ ತೀರಿಕೊಂಡ ಮೇಲೆ ಜೊತೆ ತಪ್ಪಿತ್ತು. 2005ರಲ್ಲಿ ರಿಯಾನನ್ ಗಿಡನ್ಸ್, ಡಾಮ್ ಫ್ಲೆಮನ್ಸ್, ಜಸ್ಟಿನ್ ರಾಬಿನ್ಸನ್ ಅನ್ನುವ ಮೂವರು ಕರಿಯ ಯುವ ಸಂಗೀತಗಾರರು ಥಾಂಪ್ಸನ್ ಮನೆಗೆ ಹೋಗಲು ಶುರು ಮಾಡಿದರು. ಗುರುವಾರ ಸಂಜೆ ಬಂತು ಅಂದರೆ ಅಲ್ಲಿ ಹಾಜರ್. ಥಾಂಪ್ಸನ್‌ಗೆ ಆಗ 86. ಪಾಠ ಅಂತ ಬಿಡಿಸಿ ಹೇಳಿಕೊಟ್ಟಿದ್ದು ಕಮ್ಮಿ. ಅವರು ನುಡಿಸೋರು, ಇವರೂ ಜೊತೆಗೆ ನುಡಿಸೋರು. ಅದೇ ರಾಗ, ಮತ್ತೆ ಮೊದಲಿಂದ. ಗುಂಪಿಗೆ ಕ್ಯಾರೊಲೈನಾ ಚಾಕಲೇಟ್ ಡ್ರಾಪ್ಸ್ ಅಂತ ಹೆಸರಿಟ್ಟರು. ಮುಂದೆ ಗ್ರ್ಯಾಮಿ ಬಂತು, ಊರೂರು ಸುತ್ತುವುದು ಜಾಸ್ತಿಯಾಯಿತು. ಹೋದಲ್ಲೆಲ್ಲಾ ಹಾಡು ಶುರು ಮಾಡುವ ಮೊದಲು ಇದು ಜೋ ಥಾಂಪ್ಸನ್ ಅವರಿಂದ ಕಲಿತದ್ದು ಅಂತ ಹೇಳಿಯೇ ನುಡಿಸುತ್ತಿದ್ದರು.